ಕರಾವಳಿ ದಾಟಿದ ಬಳಿಕ: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಚಂಡಮಾರುತದ ಎಚ್ಚರ

ವಿಷಯದ ವ್ಯಾಪ್ತಿ

ಚಂಡಮಾರುತವೆಂಬುದು ಕಡಲತೀರದ ಜನರ ಸಂಕಟ, ರಾಯಚೂರು ಜಿಲ್ಲೆಯಂಥ ಒಣನಾಡಿಗೆ ಬರಗಾಲವೇ ಸಹಜವಾದ ವಿಪತ್ತು ಎಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಬಂಗಾಳ ಕೊಲ್ಲಿಯ ತೀರ ಸಿಂಧನೂರಿನಿಂದ ಸುಮಾರು 360 ಕಿ.ಮೀ. ದೂರದಲ್ಲಿದೆ, ಅರಬ್ಬಿ ಸಮುದ್ರ ಅದಕ್ಕಿಂತ ಹತ್ತಿರವಾದರೂ ನಡುವೆ ಪಶ್ಚಿಮ ಘಟ್ಟಗಳು ಅಡ್ಡ ನಿಂತಿವೆ, ವರ್ಷವಿಡೀ ಬೀಳುವ ಮಳೆಯಾದರೂ 600 ಮಿ.ಮೀ. ಆಸುಪಾಸಿನದು. ಈ ಕಾರಣಗಳಿಂದ ಹುಟ್ಟಿದ ನಿಶ್ಚಿಂತೆಯೇ ಈ ಭಾಗದ ಮೊದಲ ಅಪಾಯವೆಂಬುದನ್ನು, ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ತೋರಿಸುವುದು ಪ್ರಸ್ತುತ ಉಪನ್ಯಾಸದ ಉದ್ದೇಶ. ‘ಚಂಡಮಾರುತ ಕರಾವಳಿ ದಾಟಿತು, ದುರ್ಬಲಗೊಂಡಿತು’ ಎಂಬ ಸುದ್ದಿ ತೀರದವರಿಗೆ ಗಂಡಾಂತರ ಕಳೆದ ಸೂಚನೆಯಾದರೆ, ಒಳನಾಡಿನವರ ಎಚ್ಚರ ಆರಂಭವಾಗಬೇಕಾದದ್ದು ಅದೇ ಗಳಿಗೆಯಿಂದ.

ಈ ಸೀಮೆಯ ಜನಕ್ಕೆ ಚಂಡಮಾರುತದ ನೆನಪೇ ಇಲ್ಲವೆನ್ನುವಂತಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಬಳಿಕ ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದ ರೈತ ಕುಟುಂಬಗಳು ಸಿಂಧನೂರಿನ ಸುತ್ತ ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲೆಸಿದವು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಇದೇ ತಾಲ್ಲೂಕಿನಲ್ಲಿ ಪುನರ್ವಸತಿ ಕ್ಯಾಂಪುಗಳು ಏರ್ಪಟ್ಟವು. ಮೊದಲನೆಯವರ ಮೂಲನೆಲದಲ್ಲಿ 1977ರ ನವೆಂಬರ್ 19ರಂದು ದಿವಿಸೀಮೆಯ ಚಂಡಮಾರುತ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಎರಡನೆಯವರ ಮೂಲನೆಲದಲ್ಲಿ 1970ರ ನವೆಂಬರ್ 12ರ ಭೋಲಾ ಚಂಡಮಾರುತಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಜನ ಬಲಿಯಾದರೆಂದು ಅಂದಾಜಿಸಲಾಗಿದೆ. ಆದರೆ ಆ ಎರಡೂ ಕಡೆ ಕೊಂದದ್ದು ಮುಖ್ಯವಾಗಿ ಉಕ್ಕಿ ಬಂದ ಕಡಲು. ಕಡಲಿಲ್ಲದ ಸಿಂಧನೂರಿಗೆ ಆ ಪಾಠವನ್ನು ಇದ್ದಂತೆಯೇ ಅನ್ವಯಿಸಲಾಗದು; ಇಲ್ಲಿ ಕೊಲ್ಲುವ ಸಂಗತಿಗಳು ಬೇರೆ, ಆದ್ದರಿಂದ ಕಾಪಾಡುವ ಕ್ರಮಗಳೂ ಬೇರೆ.

ಚಂಡಮಾರುತದ ಸ್ವರೂಪ

ಅಟ್ಲಾಂಟಿಕ್ ಸಾಗರದಲ್ಲಿ ಹರಿಕೇನ್, ಪೆಸಿಫಿಕ್ ಸಾಗರದ ಪಶ್ಚಿಮ ಭಾಗದಲ್ಲಿ ಟೈಫೂನ್, ಭಾರತದ ಸುತ್ತಲಿನ ಕಡಲುಗಳಲ್ಲಿ ಸೈಕ್ಲೋನ್ ಅಥವಾ ಚಂಡಮಾರುತ ಎಂದು ಕರೆಯಲಾಗುವುದು ಒಂದೇ ಬಗೆಯ ವಿದ್ಯಮಾನ. ಕಡಲ ಮೇಲ್ಮೈಯ ನೀರು 26 ಅಥವಾ 27 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿರುವ ಕಡೆ ತೇವಭರಿತ ಗಾಳಿ ಮೇಲಕ್ಕೇರಿ, ಮೋಡವಾಗಿ ಸಾಂದ್ರಗೊಳ್ಳುವಾಗ ಬಿಡುಗಡೆಯಾಗುವ ಶಾಖವೇ ಇದಕ್ಕೆ ಇಂಧನ. ಭಾರತ ಹವಾಮಾನ ಇಲಾಖೆ ಗಾಳಿಯ ವೇಗವನ್ನು ಆಧರಿಸಿ ಇದನ್ನು ವರ್ಗೀಕರಿಸುತ್ತದೆ: ಗಂಟೆಗೆ 31ರಿಂದ 49 ಕಿ.ಮೀ. ವೇಗವಿದ್ದರೆ ವಾಯುಭಾರ ಕುಸಿತ, 50ರಿಂದ 61 ಕಿ.ಮೀ. ಇದ್ದರೆ ತೀವ್ರ ವಾಯುಭಾರ ಕುಸಿತ, 62 ಕಿ.ಮೀ. ಮುಟ್ಟಿದ ಮೇಲೆ ಚಂಡಮಾರುತ. ಈ ಕೊನೆಯ ಹಂತಕ್ಕೇರಿದ ಮೇಲಷ್ಟೇ ಅದಕ್ಕೊಂದು ಹೆಸರು ಸಿಗುತ್ತದೆ.

ನೆಲಕ್ಕೆ ಕಾಲಿಟ್ಟೊಡನೆ ಕಡಲಿನಿಂದ ಸಿಗುತ್ತಿದ್ದ ತೇವ ಮತ್ತು ಶಾಖ ಕಡಿಮೆಯಾಗಿ, ಗಾಳಿ ಬೇಗ ಇಳಿಮುಖವಾಗುತ್ತದೆ. ಆದರೆ ಗಾಳಿ ಕುಗ್ಗಿದ ಪ್ರಮಾಣದಲ್ಲೇ ಮಳೆಯೂ ಕುಗ್ಗಬೇಕೆಂಬ ನಿಯಮವಿಲ್ಲ. ಹೊತ್ತು ತಂದ ತೇವ ಇಳಿದು ಮುಗಿಯುವವರೆಗೆ ಮಳೆ ಮುಂದುವರಿಯುತ್ತದೆ; ಸುಳಿಯ ಚಲನೆ ನಿಧಾನವಾದಷ್ಟೂ ಒಂದೇ ಪ್ರದೇಶದ ಮೇಲೆ ಅದು ಹೆಚ್ಚು ಹೊತ್ತು ಸುರಿಯುತ್ತದೆ. ಇಲಾಖೆಯ ಲೆಕ್ಕದಲ್ಲಿ ಒಂದು ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ಮಿ.ಮೀ. ದಾಟಿದರೆ ಅತಿ ಭಾರಿ ಮಳೆ. ಮಲೆನಾಡಿಗೆ ಹೊಸದಲ್ಲದ ಈ ಎರಡನೆಯ ಪ್ರಮಾಣ, ರಾಯಚೂರು ಜಿಲ್ಲೆಯಲ್ಲಿ ಬಿದ್ದರೆ ವರ್ಷದ ಮಳೆಯ ಐದನೆಯ ಒಂದು ಭಾಗ ಒಂದೇ ದಿನದಲ್ಲಿ ಬಿದ್ದಂತಾಗುತ್ತದೆ.

ಹೆಸರಿಲ್ಲದ ಸುಳಿಗಳು: 2009 ಮತ್ತು 2020

2009ರ ಮುಂಗಾರು ದೇಶದ ಮಟ್ಟದಲ್ಲಿ ವಾಡಿಕೆಯ ಶೇಕಡ 78ರಷ್ಟು ಮಾತ್ರ ಸುರಿದು, ಬರದ ವರ್ಷವೆಂದೇ ದಾಖಲಾಗಿತ್ತು. ಅದೇ ವರ್ಷದ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ, ಹಸ್ತ ಮಳೆಯ ಹೊತ್ತಿಗೆ, ಬಂಗಾಳ ಕೊಲ್ಲಿಯ ಕಡಿಮೆ ಒತ್ತಡದ ಪ್ರದೇಶದ ಪ್ರಭಾವದಿಂದ ಉತ್ತರ ಕರ್ನಾಟಕದ ಮೇಲೆ ಬಿಡುವಿಲ್ಲದೆ ಮಳೆ ಸುರಿಯಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಮನೆಗಳು ಬಿದ್ದವು ಅಥವಾ ಜಖಂಗೊಂಡವು. ತುಂಗಭದ್ರೆಯ ದಂಡೆಯ ಮಂತ್ರಾಲಯ ಅಕ್ಟೋಬರ್ 2ರಂದು ನೀರಿನಲ್ಲಿ ಮುಳುಗಿತು. ಕೆಳಗಿನ ಶ್ರೀಶೈಲ ಜಲಾಶಯಕ್ಕೆ ಸುಮಾರು 25 ಲಕ್ಷ ಕ್ಯೂಸೆಕ್ ಒಳಹರಿವು ಬಂದಿತು. ಕ್ಯೂಸೆಕ್ ಎಂದರೆ ಒಂದು ಸೆಕೆಂಡಿಗೆ ಹರಿಯುವ ಒಂದು ಘನ ಅಡಿ ನೀರು. ಸಂತ್ರಸ್ತರ ಪುನರ್ವಸತಿಗೆಂದು ರಾಜ್ಯ ಸರ್ಕಾರ ‘ಆಸರೆ’ ಎಂಬ ಹೆಸರಿನಲ್ಲಿ ಹೊಸ ಬಡಾವಣೆಗಳನ್ನು ಕಟ್ಟಿಸಬೇಕಾಯಿತು. ಇಷ್ಟೆಲ್ಲ ಹಾನಿ ಮಾಡಿದ ಆ ಸುಳಿ ಚಂಡಮಾರುತದ ದರ್ಜೆಗೆ ಏರಿರಲೇ ಇಲ್ಲ, ಅದಕ್ಕೆ ಹೆಸರೂ ಇರಲಿಲ್ಲ.

2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ತೀರ ದಾಟಿದ್ದೂ ಹೆಸರಿಲ್ಲದ ಒಂದು ತೀವ್ರ ವಾಯುಭಾರ ಕುಸಿತವೇ. ಅದು ತೆಲಂಗಾಣವನ್ನು ಹಾದು ಪಶ್ಚಿಮಕ್ಕೆ ಸಾಗುತ್ತ ಹೈದರಾಬಾದನ್ನು ಮುಳುಗಿಸಿತು, ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಭೀಮಾ ನದಿಗೆ ದೊಡ್ಡ ಪ್ರವಾಹ ತಂದಿತು. ಆದ್ದರಿಂದ ಹೆಸರುಳ್ಳ ಚಂಡಮಾರುತಕ್ಕಷ್ಟೇ ಕಿವಿಗೊಡುವವರು ಒಳನಾಡಿನ ದೊಡ್ಡ ಅಪಾಯಗಳನ್ನು ಕೇಳಿಸಿಕೊಳ್ಳದೆಯೇ ಉಳಿಯುತ್ತಾರೆ.

ಎರಡು ಋತು, ಎರಡು ಕೊಯ್ಲು

ಭಾರತದ ಸುತ್ತಲಿನ ಕಡಲುಗಳಲ್ಲಿ ಚಂಡಮಾರುತಗಳು ಹೆಚ್ಚಾಗಿ ಹುಟ್ಟುವುದು ಮುಂಗಾರಿಗೆ ಮುಂಚಿನ ಏಪ್ರಿಲ್‌ನಿಂದ ಜೂನ್ ಮೊದಲ ಭಾಗದವರೆಗೆ ಮತ್ತು ಮುಂಗಾರು ಹಿಂದೆ ಸರಿದ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ರೈತರ ಲೆಕ್ಕದಲ್ಲಿ ಹೇಳುವುದಾದರೆ ಅಶ್ವಿನಿ, ಭರಣಿ, ಕೃತ್ತಿಕೆಗಳ ಕಾಲ ಒಂದು. ಚಿತ್ತಿ, ಸ್ವಾತಿ, ವಿಶಾಖ, ಅನುರಾಧಗಳ ಕಾಲ ಇನ್ನೊಂದು. ಸಿಂಧನೂರಿನ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಬೇಸಿಗೆ ಭತ್ತ ಕೊಯ್ಲಿಗೆ ಬರುವುದು ಮೊದಲನೆಯ ಅವಧಿಯಲ್ಲಿ, ಮುಂಗಾರಿನ ಭತ್ತ ಕೊಯ್ಲಿಗೆ ಬರುವುದು ಎರಡನೆಯ ಅವಧಿಯಲ್ಲಿ. ಲಿಂಗಸುಗೂರು ಮತ್ತು ಮಸ್ಕಿಯ ಮಳೆಯಾಶ್ರಿತ ಹೊಲಗಳಲ್ಲಿ ಹತ್ತಿ ಬಿಡಿಸುವುದು, ತೊಗರಿ ಹೂವಾಡುವುದು, ಎರೆಹೊಲದಲ್ಲಿ ಹಿಂಗಾರಿ ಜೋಳ ಮತ್ತು ಕಡಲೆ ಮೊಳೆಯುವುದೂ ಇದೇ ಎರಡನೆಯ ಅವಧಿಯಲ್ಲಿ. ಹೀಗೆ ಕಡಲು ಕೆರಳುವ ಎರಡೂ ಕಾಲಗಳು ಈ ಸೀಮೆಯ ವರ್ಷದ ದುಡಿಮೆ ಹೊಲದಲ್ಲಿ ಬಯಲಿಗೆ ಬಿದ್ದಿರುವ ಕಾಲಗಳೇ ಆಗಿವೆ. ಏಪ್ರಿಲ್ ಮತ್ತು ಮೇ ತಿಂಗಳ ಬಿರುಗಾಳಿ, ಆಲಿಕಲ್ಲು ಮಳೆಗಳು ಬಹುಪಾಲು ಸ್ಥಳೀಯ ಗುಡುಗು ಮೋಡಗಳಿಂದ ಹುಟ್ಟುವಂಥವು, ಚಂಡಮಾರುತಕ್ಕೆ ನೇರವಾಗಿ ಸೇರಿದವಲ್ಲ; ಆದರೂ ಎಚ್ಚರಿಕೆಯ ಕ್ರಮಗಳು ಎರಡಕ್ಕೂ ಬಹುಮಟ್ಟಿಗೆ ಒಂದೇ.

ಮುಂಚಿನ ಸಿದ್ಧತೆ

ಹವಾಮಾನ ಇಲಾಖೆ ಚಂಡಮಾರುತದ ಎಚ್ಚರಿಕೆಯನ್ನು ನಾಲ್ಕು ಹಂತಗಳಲ್ಲಿ ಕೊಡುತ್ತದೆ. 72 ಗಂಟೆ ಮುಂಚಿನ ಪೂರ್ವಸೂಚನೆ, 48 ಗಂಟೆ ಮುಂಚಿನ ಜಾಗ್ರತೆ, 24 ಗಂಟೆ ಮುಂಚಿನ ಎಚ್ಚರಿಕೆ ಎಂಬ ಮೊದಲ ಮೂರು ಕರಾವಳಿಗೆ ಸಂಬಂಧಿಸಿದವು. ತೀರ ಮುಟ್ಟುವ ಸುಮಾರು 12 ಗಂಟೆ ಮೊದಲು ಹೊರಡುವ ನಾಲ್ಕನೆಯದು ಸುಳಿ ನೆಲವನ್ನೇರಿದ ಮೇಲೆ ಯಾವ ದಿಕ್ಕಿಗೆ ಸಾಗೀತು, ಒಳನಾಡಿನ ಯಾವ ಜಿಲ್ಲೆಗಳಲ್ಲಿ ಎಂಥ ಹವಾಮಾನ ಇದ್ದೀತು ಎಂಬುದನ್ನು ತಿಳಿಸುತ್ತದೆ. ರಾಯಚೂರಿನಂಥ ಜಿಲ್ಲೆಗಳಿಗಾಗಿಯೇ ಇರುವ ಈ ನಾಲ್ಕನೆಯ ಹಂತವೇ ಜನರ ಕಿವಿಗೆ ಎಲ್ಲಕ್ಕಿಂತ ಕಡಿಮೆ ಬೀಳುತ್ತದೆ, ಏಕೆಂದರೆ ಅಷ್ಟು ಹೊತ್ತಿಗೆ ಸುದ್ದಿಯ ಗಮನವೆಲ್ಲ ತೀರದ ಅಲೆಗಳ ಮೇಲಿರುತ್ತದೆ. ಗಂಟೆಗೆ 10ರಿಂದ 20 ಕಿ.ಮೀ. ಚಲಿಸುವ ಸುಳಿಗೆ ಪೂರ್ವ ತೀರದಿಂದ ಸಿಂಧನೂರಿನವರೆಗಿನ ದಾರಿ ಮುಕ್ಕಾಲರಿಂದ ಒಂದೂವರೆ ದಿನದ್ದು. ಮಳೆಯ ಪಟ್ಟಿ ಸುಳಿಯ ಕೇಂದ್ರಕ್ಕಿಂತ ಮುಂದಕ್ಕೆ ಚಾಚಿರುವುದರಿಂದ ಕೈಗೆ ಸಿಗುವ ಕಾಲ ಒಂದು ದಿನಕ್ಕಿಂತ ಹೆಚ್ಚಿಲ್ಲವೆಂದೇ ಎಣಿಸುವುದು ಕ್ಷೇಮ. ಜಿಲ್ಲಾವಾರು ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಕ್ರಮವಾಗಿ ಗಮನವಿಡುವ, ಸಿದ್ಧರಾಗುವ, ಕೂಡಲೇ ಕ್ರಮ ಕೈಗೊಳ್ಳುವ ಹಂತಗಳನ್ನು ಸೂಚಿಸುತ್ತವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿ, ಸಿಡಿಲಿನ ಮುನ್ಸೂಚನೆ ನೀಡುವ ‘ದಾಮಿನಿ’ ಆ್ಯಪ್, ಮಂಗಳವಾರ ಮತ್ತು ಶುಕ್ರವಾರಗಳ ಕೃಷಿ ಹವಾಮಾನ ಸಲಹೆ ಇವೆಲ್ಲ ಜನರಿಗೆ ದೊರೆಯುತ್ತವೆ.

ಸಿದ್ಧತೆಯಲ್ಲಿ ಮೊದಲ ಸ್ಥಾನ ಮನೆಗೆ ಸಲ್ಲಬೇಕು. ಕಲ್ಲು ಮತ್ತು ಕೆಸರುಮಣ್ಣಿನ ಗೋಡೆ, ಮರದ ತೊಲೆ ಮತ್ತು ಜಂತಿಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ ಈ ಸೀಮೆಯ ಹಳೆಯ ಮನೆಗಳ ಸಾಮಾನ್ಯ ಕಟ್ಟೋಣ. ಬಿಸಿಲಿಗೆ ಹೇಳಿ ಮಾಡಿಸಿದ ಈ ಮನೆ ಎರಡು ಮೂರು ದಿನದ ಬಿಡದ ಮಳೆಗೆ ಸೋಲುತ್ತದೆ. ಮಾಳಿಗೆಯ ಮಣ್ಣು ನೀರು ಕುಡಿದು ತೂಕವೇರುತ್ತದೆ. ಅದೇ ಹೊತ್ತಿಗೆ ಗೋಡೆಯ ಬುಡದ ಮಣ್ಣು ನೆನೆದು ಮೆತ್ತಗಾಗುತ್ತದೆ. ಹೀಗೆ ಮೇಲಿನ ಭಾರ ಹೆಚ್ಚುವುದೂ ಕೆಳಗಿನ ಬಲ ಕುಂದುವುದೂ ಏಕಕಾಲದಲ್ಲಿ ನಡೆಯುತ್ತದೆ. ಬೀಳುವ ಮುನ್ನ ಗೋಡೆ ಕೆಲವು ಗುರುತು ತೋರಿಸುತ್ತದೆ: ತೊಲೆಯ ತುದಿ ಗೋಡೆಗೆ ಕೂಡುವಲ್ಲಿ ಮಣ್ಣು ಉದುರುವುದು, ನಿನ್ನೆಯವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುವುದು, ಗಿಲಾವು ಉಬ್ಬುವುದು, ಮೂಲೆಯಲ್ಲಿ ಓರೆ ಬಿರುಕು ಕಾಣುವುದು. ಇವುಗಳಲ್ಲಿ ಒಂದು ಕಂಡರೂ ಆ ಮನೆಯಲ್ಲಿ ರಾತ್ರಿ ಮಲಗಬಾರದು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಇಳಿಜಾರು ಕೊಟ್ಟು ಮಣ್ಣು ಹಾಕಿಸುವುದು, ನೀರು ಹೊರಹೋಗುವ ಕೊಳವೆ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು, ಗೋಡೆಯ ಬುಡಕ್ಕೆ ಚರಂಡಿ ನೀರು ತಾಗದಂತೆ ತಡೆಯುವುದು ಕಡಿಮೆ ಖರ್ಚಿನ ಕೆಲಸಗಳು. ಪತ್ರಾಸ್ ಹೊದಿಸಿದ ಮನೆ ಮತ್ತು ದನದ ಕೊಟ್ಟಿಗೆಗಳಲ್ಲಿ ಹಾಳೆಯ ಮೇಲೆ ಕಲ್ಲು ಹೇರುವುದು ಸಾಲದು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ, ಎಂದರೆ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುವಂತೆ, ಏರುವುದರಿಂದ ಅದೇ ಕಲ್ಲು ಜನರ ಮೇಲೆ ಬೀಳುತ್ತದೆ. ಹಾಳೆಗಳನ್ನು ಕೊಕ್ಕೆ ಬೋಲ್ಟಿನಿಂದ ಅಡ್ಡಪಟ್ಟಿಗೆ, ಅಡ್ಡಪಟ್ಟಿಯನ್ನು ಗೋಡೆಗೆ ಬಿಗಿಯಬೇಕು.

ಹೊಲದ ಸಿದ್ಧತೆಯ ಸೂತ್ರ ಸರಳವಾದದ್ದು. ಎಚ್ಚರಿಕೆ ಬಂದಾಗ ಮಾಗಿದ ಭತ್ತವನ್ನು ಕೊಯ್ದು ಗೂಡು ಸೇರಿಸುವಷ್ಟು ಕಾಲವಿದ್ದರೆ ಕೊಯ್ಯಬೇಕು, ಇಲ್ಲದಿದ್ದರೆ ಕೊಯ್ಯದೆ ಬಿಟ್ಟು ಗದ್ದೆಯ ನೀರನ್ನು ಹೊರಗೆ ಬಿಡಬೇಕು. ಕೊಯ್ದು ಹರವಿದ ಬೆಳೆಗೆ ಆಗುವ ನಷ್ಟ ನಿಂತ ಬೆಳೆಗೆ ಆಗುವ ನಷ್ಟಕ್ಕಿಂತ ಹೆಚ್ಚು. ರಸ್ತೆಯ ಮೇಲೆ ಒಣಹಾಕಿದ ರಾಶಿಗೆ ತಾಡಪತ್ರಿ ಹೊದಿಸಿದರೆ ಮೇಲಿನ ಮಳೆ ತಡೆಯುತ್ತದೆಯೇ ಹೊರತು ಕೆಳಗೆ ಹರಿದು ಬರುವ ನೀರು ತಡೆಯುವುದಿಲ್ಲವಾದ್ದರಿಂದ ರಾಶಿಯನ್ನು ಎತ್ತರದ ಕಟ್ಟೆಯ ಮೇಲೆ ಹಾಕುವುದು ಉಚಿತ.

ಗಾಳಿ-ಮಳೆಯ ಹೊತ್ತಿನಲ್ಲಿ

ಹಳ್ಳ, ಸಿಡಿಲು, ವಿದ್ಯುತ್ ತಂತಿ ಎಂಬ ಮೂರರ ಬಗ್ಗೆ ಈ ಹೊತ್ತಿನಲ್ಲಿ ವಿಶೇಷ ಎಚ್ಚರ ಬೇಕು. ಎರೆಮಣ್ಣು ಮೊದಲ ಮಳೆಯನ್ನು ಬಿರುಕುಗಳೊಳಗೆ ಎಳೆದುಕೊಳ್ಳುತ್ತದೆ. ಆದರೆ ಒಮ್ಮೆ ನೆನೆದು ಉಬ್ಬಿದ ಮೇಲೆ ಬಿರುಕುಗಳು ಮುಚ್ಚಿಕೊಂಡು, ಮುಂದೆ ಬೀಳುವ ನೀರೆಲ್ಲ ಹಳ್ಳದ ಪಾಲಾಗುತ್ತದೆ. ವರ್ಷದ ಬಹುಕಾಲ ಒಣಗಿಯೇ ಇರುವ ಹಳ್ಳಗಳು ಕೆಲವೇ ಗಂಟೆಗಳಲ್ಲಿ ನದಿಯಾಗುವುದು ಇದರಿಂದಲೇ. 2020ರ ಅಕ್ಟೋಬರ್‌ನಲ್ಲಿ ಮಸ್ಕಿ ಹಳ್ಳ ತುಂಬಿ ಹರಿದಾಗ ನಡುವೆ ಸಿಲುಕಿದ ಇಬ್ಬರಲ್ಲಿ ಒಬ್ಬರನ್ನು ಮಾತ್ರ ಉಳಿಸಿಕೊಳ್ಳಲಾಯಿತು, ಇನ್ನೊಬ್ಬರು ರಕ್ಷಣಾ ಕಾರ್ಯ ನಡೆದಿರುವಾಗಲೇ ಕೊಚ್ಚಿಹೋದರು. ರಕ್ಷಣಾ ಸಿಬ್ಬಂದಿ ಸ್ಥಳಕ್ಕೆ ಬಂದ ಮೇಲೂ ಜೀವ ಉಳಿಯುವ ಖಾತರಿ ಇಲ್ಲವೆಂಬುದು ಈ ಘಟನೆಯಿಂದ ಸ್ಪಷ್ಟವಾಗುವುದರಿಂದ, ಹಳ್ಳಕ್ಕೆ ಇಳಿಯದಿರುವುದೊಂದೇ ನಂಬತಕ್ಕ ರಕ್ಷಣೆ. ರಭಸದಿಂದ ಹರಿಯುವ ನೀರು ಅರ್ಧ ಅಡಿ ಆಳವಿದ್ದರೂ ವಯಸ್ಕರ ಕಾಲು ಕೀಳಬಲ್ಲದು, ಎರಡು ಅಡಿ ಇದ್ದರೆ ಹೆಚ್ಚಿನ ವಾಹನಗಳನ್ನು ತೇಲಿಸಿಬಿಡಬಲ್ಲದು. ಕೆಂಪು ನೀರಿನ ಕೆಳಗೆ ಸೇತುವೆಯ ಹಾಸು ಉಳಿದಿದೆಯೋ ಕಿತ್ತುಹೋಗಿದೆಯೋ ಕಾಣುವುದೂ ಇಲ್ಲ. ಲಿಂಗಸುಗೂರು ತಾಲ್ಲೂಕಿನ ಕೃಷ್ಣಾ ನಡುಗಡ್ಡೆಗಳ ಪರಿಸ್ಥಿತಿ ತುಸು ಬೇರೆ: ಅಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಶೀಲಹಳ್ಳಿ ಸೇತುವೆ ಮುಳುಗಿ, ಬಿಸಿಲು ಕಾಯುತ್ತಿರುವ ದಿನವೂ ಊರುಗಳ ಸಂಪರ್ಕ ಕಡಿದುಹೋಗುತ್ತದೆ, ಗರ್ಭಿಣಿಯರನ್ನೂ ನಿತ್ಯ ಔಷಧಿ ಬೇಕಾದವರನ್ನೂ ನೀರು ಬಿಡುವ ಪ್ರಕಟಣೆ ಬಂದೊಡನೆ ಈಚೆ ದಡಕ್ಕೆ ಕರೆತರಬೇಕಾಗುತ್ತದೆ.

ಸಿಡಿಲಿಗೆ ಬಲಿಯಾಗುವವರು ಹೆಚ್ಚಾಗಿ ಹೊಲದಲ್ಲಿ ದುಡಿಯುವವರು, ದನ ಕಾಯುವವರು, ಕುರಿಗಾಹಿಗಳು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆಯೆಂದು ತಿಳಿದು ಕೆಲಸ ನಿಲ್ಲಿಸಿ ಗಟ್ಟಿಮುಟ್ಟಾದ ಕಟ್ಟಡ ಸೇರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಬರಬಾರದು. ಬಯಲಿನ ಒಂಟಿ ಬೇವಿನ ಮರದ ನೆರಳು ಬಿಸಿಲಿಗೆ ಎಷ್ಟು ಹಿತವೋ ಸಿಡಿಲಿನ ಹೊತ್ತಿಗೆ ಅಷ್ಟೇ ಅಪಾಯಕರ. ತಂತಿ ಹರಿದು ನೆಲಕ್ಕೆ ಬಿದ್ದರೆ ವಿದ್ಯುತ್ ನೆಲದಲ್ಲೂ ಹರಡಿ, ಅಗಲವಾಗಿ ಹೆಜ್ಜೆ ಇಡುವವರ ಎರಡು ಪಾದಗಳ ನಡುವೆಯೇ ಹರಿಯಬಲ್ಲದು. ತಂತಿಯ ಹತ್ತಿರಕ್ಕೆ ಯಾರೂ ಸುಳಿಯದಂತೆ ಕಾವಲಿದ್ದು, ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂನ 1912 ಸಂಖ್ಯೆಗೆ ತಿಳಿಸಿ, ಪೂರೈಕೆ ನಿಂತದ್ದು ಖಚಿತವಾದ ಮೇಲಷ್ಟೇ ಮುಂದಿನ ಕೆಲಸ. ಒದ್ದೆ ಕೈಯಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟುವುದೂ ಇದೇ ಬಗೆಯ ಅಪಾಯ. ಕೊಟ್ಟಿಗೆಗೆ ನೀರು ನುಗ್ಗುವ ಸಂಭವವಿದ್ದರೆ ದನಗಳ ಹಗ್ಗ ಬಿಚ್ಚಿಬಿಡಬೇಕು. ಕಟ್ಟಿಹಾಕಿದ ಪಶು ತನ್ನನ್ನು ತಾನು ಉಳಿಸಿಕೊಳ್ಳಲಾರದು.

ಮಳೆ ನಿಂತ ಮೇಲೆ

ನೆನೆದ ಗೋಡೆ ಮಳೆ ನಿಂತ ಮೇಲೂ ಬೀಳುತ್ತದೆ. ಆದ್ದರಿಂದ ಬಿಸಿಲು ಬಿದ್ದೊಡನೆ ಮನೆಗೆ ಮರಳುವ ಆತುರ ಸಲ್ಲದು. ಗೋಡೆಯನ್ನು ಹೊರಗಿನಿಂದ ಸುತ್ತಿ ನೋಡಿ, ಪಂಚಾಯಿತಿಯ ತಿಳಿದವರೊಬ್ಬರಿಂದ ಪರೀಕ್ಷೆ ಮಾಡಿಸಿದ ಬಳಿಕ ಒಳಹೋಗುವುದು ಮೇಲು. ಕಾಲುವೆಯಿಂದ ತುಂಬಿಸುವ ಕುಡಿಯುವ ನೀರಿನ ಕೆರೆಗಳಿಗೆ ಗದ್ದೆ ಮತ್ತು ಚರಂಡಿಯ ನೀರು ಸೇರುವುದರಿಂದ ನೀರನ್ನು ಕುದಿಸಿಯೇ ಕುಡಿಯಬೇಕು; ವಾಂತಿಭೇದಿ ಕಂಡರೆ ಆಶಾ ಕಾರ್ಯಕರ್ತೆಯಿಂದ ಓಆರ್‌ಎಸ್ ಪಡೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬಿಲಗಳಿಗೆ ನೀರು ತುಂಬಿ ಹೊರಬಿದ್ದ ಹಾವುಗಳು ಬಣವೆ, ಕಟ್ಟಿಗೆ ರಾಶಿ, ಹಾಸಿಗೆಗಳಲ್ಲಿ ಸೇರಿಕೊಂಡಿರುತ್ತವೆ. ಕಚ್ಚಿದಾಗ ಕೊಯ್ಯುವುದು, ಬಿಗಿದು ಕಟ್ಟುವುದು, ಮಂತ್ರ ಹಾಕಿಸುವುದು ಇವೆಲ್ಲ ಕಾಲ ಕಳೆಯುವ ದಾರಿಗಳಾಗಿದ್ದು, ಹಾವಿನ ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದೊಂದೇ ಮದ್ದು. ದನಗಳಿಗೆ ಗಳಲೆ ರೋಗದ ಲಸಿಕೆಯನ್ನು ಮಳೆಗಾಲಕ್ಕೆ ಮುನ್ನವೇ ಹಾಕಿಸಿರಬೇಕು.

ನೆಲಕ್ಕೊರಗಿದ ಭತ್ತದ ತೆನೆಯಲ್ಲೇ ಕಾಳು ಮೊಳೆಯುವುದನ್ನು ತಡೆಯಲು ಲೀಟರ್ ನೀರಿಗೆ 50 ಗ್ರಾಂ ಅಡುಗೆ ಉಪ್ಪು ಬೆರೆಸಿ ಸಿಂಪಡಿಸುವ ಕ್ರಮವನ್ನು ಕೃಷಿ ತಜ್ಞರು ಸೂಚಿಸುತ್ತಾರೆ. ಕೊಯ್ದ ಭತ್ತವನ್ನು ತೇವಾಂಶ ಶೇಕಡ 14ಕ್ಕೆ ಇಳಿಯುವವರೆಗೆ ಒಣಗಿಸಿಯೇ ಚೀಲಕ್ಕೆ ತುಂಬಬೇಕು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಕೊಯ್ದು ಹೊಲದಲ್ಲೇ ಒಣಗಲು ಹರವಿದ ಬೆಳೆ ಕೊಯ್ಲಾದ 14 ದಿನಗಳೊಳಗೆ ಚಂಡಮಾರುತ, ಅದರ ಮಳೆ ಅಥವಾ ಅಕಾಲಿಕ ಮಳೆಗೆ ಸಿಕ್ಕರೆ ಪರಿಹಾರಕ್ಕೆ ಅವಕಾಶವಿದೆ. ಆದರೆ ಹಾನಿಯಾದ 72 ಗಂಟೆಗಳೊಳಗೆ ವಿಮಾ ಕಂಪನಿಗೋ ಕೃಷಿ ಇಲಾಖೆಗೋ ಬ್ಯಾಂಕಿಗೋ ತಿಳಿಸಿರಬೇಕು. ತೀರದಲ್ಲಿ ದುರ್ಬಲಗೊಂಡು ಬಂದ ಹೆಸರಿಲ್ಲದ ಮಳೆಗೂ ಈ ಹಕ್ಕು ಅನ್ವಯವಾಗುವುದನ್ನು ಗಮನಿಸಬೇಕು. ಬಿದ್ದ ಮನೆಯ ಅವಶೇಷ ತೆಗೆಯುವ ಮುನ್ನ ಫೋಟೊ ತೆಗೆದು, ಗ್ರಾಮ ಆಡಳಿತಾಧಿಕಾರಿಯ ಪಂಚನಾಮೆ ಮಾಡಿಸುವುದೂ ಅಷ್ಟೇ ಅಗತ್ಯ.

ಉಪಸಂಹಾರ

1999ರ ಅಕ್ಟೋಬರ್ 29ರ ಸೂಪರ್ ಚಂಡಮಾರುತದಲ್ಲಿ ಒಡಿಶಾದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರ ಅಕ್ಟೋಬರ್ 12ರಂದು ಅದೇ ರಾಜ್ಯಕ್ಕೆ ಅಪ್ಪಳಿಸಿದ ಫೈಲಿನ್ ಚಂಡಮಾರುತದಲ್ಲಿ ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಈ ವ್ಯತ್ಯಾಸದ ಬಹುಪಾಲು ಎಚ್ಚರಿಕೆ ಊರಿಗೆ ತಲುಪಿದ್ದರಿಂದ, ಯಾರನ್ನು ಎಲ್ಲಿಗೆ ಕರೆದೊಯ್ಯಬೇಕೆಂಬುದು ಮುಂಚೆಯೇ ನಿಶ್ಚಯವಾಗಿದ್ದರಿಂದ ಉಂಟಾಯಿತು. ಕರಾವಳಿಯಲ್ಲಿ ಅದಕ್ಕೆ ಆಶ್ರಯತಾಣಗಳನ್ನೇ ಕಟ್ಟಬೇಕಾಯಿತು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳಿಗೆ ಅಷ್ಟು ಖರ್ಚೂ ಬೇಕಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರವಿದೆ, ಅದರ ನಿಯಂತ್ರಣ ಕೊಠಡಿಯ 1077 ಸಂಖ್ಯೆ ಇದೆ, ಪ್ರತಿ ಊರಿನಲ್ಲಿ ಸಿಮೆಂಟ್ ಛಾವಣಿಯ ಶಾಲೆಯೋ ಸಮುದಾಯ ಭವನವೋ ಇದೆ. ಇವುಗಳನ್ನು ಜೋಡಿಸಲು ಗ್ರಾಮ ಪಂಚಾಯಿತಿಗಳು ವರ್ಷಕ್ಕೆರಡು ಬಾರಿ, ಯುಗಾದಿಯ ಬಳಿಕ ಒಮ್ಮೆ ಮತ್ತು ಹಸ್ತ ಮಳೆ ಹುಟ್ಟುವ ಮುನ್ನ ಒಮ್ಮೆ, ಸಭೆ ಸೇರಿ ನಾಲ್ಕು ಸಂಗತಿ ನಿರ್ಧರಿಸಿದರೆ ಸಾಕು: ಊರಿನಲ್ಲಿ ಅಪಾಯದಲ್ಲಿರುವ ಮಣ್ಣಿನ ಮನೆಗಳು ಯಾವುವು ಮತ್ತು ಅವುಗಳಲ್ಲಿರುವ ವೃದ್ಧರು, ಬಾಣಂತಿಯರು, ಅಂಗವಿಕಲರು ಯಾರು, ರಾತ್ರಿ ಶಾಲೆಯ ಬೀಗದ ಕೈ ಯಾರ ಬಳಿ ಇರುತ್ತದೆ, ಹಳ್ಳ ಏರಿದಾಗ ದಾಟುವ ಕಡೆ ಎರಡೂ ದಡದಲ್ಲಿ ಸರಪಳಿ ಹಾಕಿ ಕಾವಲು ನಿಲ್ಲುವವರು ಯಾರು, ಹವಾಮಾನ ಇಲಾಖೆಯ ನಾಲ್ಕನೆಯ ಹಂತದ ಸೂಚನೆಯನ್ನು ಓದಿ ಡಂಗುರದಲ್ಲೋ ಗುಡಿಯ, ಮಸೀದಿಯ ಮೈಕಿನಲ್ಲೋ ಸಾರುವ ಹೊಣೆ ಯಾರದು. ಈ ನಾಲ್ಕು ಪ್ರಶ್ನೆಗಳಿಗೆ ಹುದ್ದೆಯ ಹೆಸರಿನ ಬದಲು ಊರಿನವರ ಹೆಸರುಗಳೇ ಉತ್ತರವಾಗಿ ಪಂಚಾಯಿತಿಯ ಗೋಡೆಯ ಮೇಲೆ ಬರೆಯಲ್ಪಟ್ಟಾಗ, ಕಡಲಿನಿಂದ ನೂರಾರು ಕಿ.ಮೀ. ದೂರದ ಈ ಸೀಮೆಯೂ ಚಂಡಮಾರುತಕ್ಕೆ ಸಿದ್ಧವಾಗಿದೆ ಎನ್ನಬಹುದು.